ವ್ಯಾಜಪ್ರಣಯದ ಕಾದಂಬರಿಗಳು ಬಹಿಷ್ಕಾರಾರ್ಹವೇ?



ಕಳೆದ ತಿಂಗಳ ನಮ್ಮ ಸಂಘದ ಸಭೆಯಲ್ಲಿ ಒಂದು ಸೂಚನೆ ಬಂದಿತು. ಸಂಘದ ಗ್ರಂಥಭಾಂಡಾರದಲ್ಲಿರುವ ಹಗುರಾದ ಪ್ರಣಯಕಾದಂಬರಿಗಳನ್ನು, ಅವುಗಳಲ್ಲಿಯೂ ಗಂಡುಹೆಣ್ಣುಗಳು ಪ್ರೀತಿಯಿಲ್ಲದೆಯೇ ಪ್ರೀತಿಯ ಸೋಗು ಹಾಕಿಕೊಂಡು ತಿರುಗುವ ಕಥೆಗಳನ್ನು, ಕಪಾಟಿನಿಂದ ತೆಗೆದುಹಾಕಬೇಕು. ಅಂಥವನ್ನು ಕನ್ಯೆಯರ ಕೈಗೆ ಎರವಲು ಕೊಡಬಾರದು ಎಂಬದು ಅದರ ಸಾರ. ಸೂಚಿಸಿದವರು ನನ್ನ ಬಹುಕಾಲದ ಸನ್ಮಿತ್ರರು. ವಿದ್ಯೆಯಲ್ಲಿಯೂ ನಡತೆಯಲ್ಲಿಯೂ ನನಗಿಂತ ಮೇಲಾದವರು. ಬರುವ ಸಭೆಯಲ್ಲಿ ಅದರ ಮೇಲೆ ಮತ ತೆಗೆದುಕೊಳ್ಳುವದೆಂದು ಗೊತ್ತಾಗಿದೆ.

ಆ ದಿನ ನಾನು ಮೌನವಾಗಿದ್ದೆನು. ನನ್ನನ್ನು ಬಲ್ಲವರು ಆ ಮೌನವನ್ನು ಸಮ್ಮತಿಯೆಂದೇ ಎಣಿಸಿರಬೇಕು. ಪಾಠಶಾಲೆಯಲ್ಲಿ ಅಮರವನ್ನೂ ಲಘುಕೌಮುದಿಯನ್ನೂ ಉರುಹೊಡೆದು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಾಲೆಯ ಮಕ್ಕಳಿಗೆ ಸಂಸ್ಕೃತ ಕನ್ನಡಗಳನ್ನು ಕಲಿಸಿ, ಈಗ ಯರಗಟ್ಟಿಯ ಮನೆಯ ಕಟ್ಟೆಯ ಮೇಲೆ ಕುಳಿತಿರುವ ಮುದುಕನು ಇನ್ನೇನು ಹೇಳಿಯಾನು? ಆದರೆ ಮೌನಕ್ಕೆ ಕಾರಣ ಬೇರೆ ಇದ್ದಿತು. ಆ ಹೊತ್ತಿನವರೆಗೆ ನಾನು ಆ ಜಾತಿಯ ಒಂದು ಪುಸ್ತಕವನ್ನೂ ಓದಿರಲಿಲ್ಲ. ಓದದಿದ್ದ ಗ್ರಂಥದ ಖಂಡನೆಯನ್ನಾಗಲಿ ಮಂಡನೆಯನ್ನಾಗಲಿ ಮಾಡುವ ವಿದ್ಯೆಯನ್ನು ನಮ್ಮ ಗುರುಗಳು ಕಲಿಸಿರಲಿಲ್ಲ. ಈಗ ನಾಲ್ಕು ಓದಿರುವೆನು. ಓದಿದ ಮೇಲೆ ನನ್ನ ಮತವು ಸೂಚನೆಗೆ ವಿರುದ್ಧವಾಗಿರುವದು. ಸಭೆಯಲ್ಲಿ ಕೈಯೆತ್ತುವದಕ್ಕೆ ಮೊದಲು ಕಾರಣಗಳನ್ನು ಈ ಪತ್ರಿಕೆಯ ಮುಖಾಂತರ ತಿಳಿಸುವದು ನ್ಯಾಯವೆಂದು ಬರೆಯತೊಡಗಿರುವೆನು.

ಮೊದಲನೆಯ ಪುಸ್ತಕವು ನನಗೆ ದೊರೆತದ್ದು ಮೊಮ್ಮಗಳ ತಲೆದಿಂಬಿನ ಕೆಳಗೆ. ಅವಳು ಧಾರವಾಡದಲ್ಲಿ ಓದುವವಳು, ಸೂಟಿಗೆ ಬಂದಿದ್ದಳು. "ಇದೇನವ್ವಾ?" ಎಂದು ಕೇಳಿದೆನು. "ಅದು ನಿಮಗ ಸೇರೂದಲ್ಲ ಬಿಡ್ರಿ, ಅಜ್ಜಾ" ಎಂದಳು. ಸೇರಲಿಕ್ಕಿಲ್ಲವೆಂದ ಮೇಲೆ ಓದದೆ ಬಿಡುವದು ಹೇಗೆ? ಎರಡು ರಾತ್ರಿಗಳಲ್ಲಿ ಮುಗಿಸಿದೆನು. ಹೆಸರು ಹೇಳುವ ಕಾರಣವಿಲ್ಲ. ಈ ಕುಲದ ಕಾದಂಬರಿಗಳಿಗೆ ಹೆಸರು ಬೇರೆಯಾದರೂ ಒಡಲು ಒಂದೇ. ಬೆಂಗಳೂರಿನ ಒಂದು ಕಚೇರಿ. ನಾಯಿಕೆಗೆ ಮನೆಯವರು ವಾರಕ್ಕೊಬ್ಬ ವರನನ್ನು ಹುಡುಕುತ್ತಿರುವರು, ಅವಳಿಗೆ ಬೇಡ. ನಾಯಕನ ಅಜ್ಜಿ ಹಾಸಿಗೆ ಹಿಡಿದಿರುವಳು. ಮೊಮ್ಮಗನಿಗೆ ಕನ್ಯೆ ಗೊತ್ತಾದದ್ದನ್ನು ನೋಡದೆ ಕಣ್ಣು ಮುಚ್ಚೆನೆನ್ನುವಳು. ಇಬ್ಬರೂ ಕೂಡಿ ಒಂದು ಕರಾರು ಮಾಡಿಕೊಳ್ಳುತ್ತಾರೆ: ಆರು ತಿಂಗಳು ನಿಶ್ಚಿತಾರ್ಥವಾದವರಂತೆ ನಟಿಸುವದು, ಅಲ್ಲಿಂದ ಮುಂದೆ ಜಗಳಾಡಿದಂತೆ ನಟಿಸಿ ಬೇರೆಯಾಗುವದು. ಕರಾರಿನ ಕಡೆಯ ಕಲಮು, ಯಾರೂ ನಿಜವಾಗಿ ಪ್ರೀತಿಸತಕ್ಕದ್ದಲ್ಲವೆಂಬದು. ಆ ಕಲಮು ಪುಸ್ತಕದ ನಡುಭಾಗಕ್ಕೆ ಬರುವಷ್ಟರಲ್ಲಿ ಮುರಿದುಹೋಗುವದೆಂದು ಬೇರೆ ಹೇಳಬೇಕಾಗಿಲ್ಲ. ಅಜ್ಜಿಯೂ ಚೇತರಿಸಿಕೊಳ್ಳುವಳು, ಈ ಕಾದಂಬರಿಗಳಲ್ಲಿ ಅಜ್ಜಿಯರಿಗೆ ಆಯುಷ್ಯ ಹೆಚ್ಚು.

ಪ್ರತಿಪಕ್ಷದ ಮಾತನ್ನು ಅದರ ಪೂರ್ಣಬಲದೊಡನೆ ಮೊದಲು ಹೇಳಿ ಆಮೇಲೆ ಉತ್ತರಿಸಬೇಕೆಂಬದು ಶಾಸ್ತ್ರಮರ್ಯಾದೆ. ಮಿತ್ರರ ಆಕ್ಷೇಪಗಳು ಮೂರು. ಒಂದನೆಯದು, ಇಂಥ ಕಥೆಯೇ ನಮ್ಮದಲ್ಲ. ಅದು ಪರದೇಶದ ಸರಕು. ಎರಡನೆಯದು, ಇವು ಹಗುರಾದವು. ಓದಿದವರ ಚಿತ್ತಕ್ಕೆ ಸಂಸ್ಕಾರವಿಲ್ಲ, ಕಾಲಕ್ಕೆ ಮಾತ್ರ ನಷ್ಟ. ಮೂರನೆಯದು ಎಲ್ಲಕ್ಕೂ ಭಾರವಾದದ್ದು: ಇವು ಸುಳ್ಳನ್ನು, ಅದರಲ್ಲಿಯೂ ವಿವಾಹದಂಥ ಪವಿತ್ರವಿಷಯದ ಸುಳ್ಳನ್ನು, ಆಟವೆಂಬಂತೆ ತೋರಿಸುತ್ತವೆ, ಹಿರಿಯರನ್ನು ವಂಚಿಸಿದವರಿಗೆ ಕೊನೆಯಲ್ಲಿ ಸುಖವೇ ಫಲವೆಂದು ಎಳೆಯರಿಗೆ ಬೋಧಿಸುತ್ತವೆ.

ಮೊದಲನೆಯದಕ್ಕೆ ಉತ್ತರ ಕೊಡುವದು ನನಗೆ ಸುಲಭ. ಯಾಕಂದರೆ ಅದರ ಉತ್ತರವನ್ನು ನಾನು ಪಾಠಶಾಲೆಯಲ್ಲಿಯೇ ಓದಿದ್ದೆನು, ಆದರೆ ಆಗ ಅದು ಉತ್ತರವೆಂದು ತಿಳಿದಿರಲಿಲ್ಲ. ಸುಮಾರು ಕ್ರಿ.ಶ. 900ರ ಹೊತ್ತಿಗೆ ಬಾಳಿದ ರಾಜಶೇಖರನೆಂಬ ಮಹಾಕವಿಯು 'ವಿದ್ಧಶಾಲಭಂಜಿಕಾ' ಎಂಬ ನಾಲ್ಕು ಅಂಕಗಳ ನಾಟಿಕೆಯನ್ನು ಬರೆದಿರುವನು. ಲಾಟದೇಶದ ಅರಸ ಚಂದ್ರವರ್ಮನಿಗೆ ಗಂಡುಸಂತಾನವಿಲ್ಲ. ಮಗಳು ಮೃಗಾಂಕಾವಲಿಗೆ ಗಂಡುವೇಷ ಹಾಕಿ, ಮೃಗಾಂಕವರ್ಮನೆಂದು ಹೆಸರಿಟ್ಟು, ವಿದ್ಯಾಧರಮಲ್ಲನೆಂಬ ಅರಸನ ಅರಮನೆಗೆ ಕಳಿಸಿರುವನು. ಅಲ್ಲಿ ರಾಣಿಯ ಕಡೆಯವರು ವಿದೂಷಕನಿಗೆ ಮದುವೆ ಮಾಡಿಸುವದಾಗಿ ಹೇಳಿ, ಹೆಣ್ಣಿನ ವೇಷದ ದಾಸನೊಬ್ಬನನ್ನು ಮದುವಣಗಿತ್ತಿಯೆಂದು ತಂದು ನಿಲ್ಲಿಸಿ ನಗುವರು. ವಿದೂಷಕನು ಸೇಡು ತೀರಿಸಿಕೊಳ್ಳುವನು. ಅದಕ್ಕೆ ಪ್ರತಿಯಾಗಿ ರಾಣಿಯು ಅರಸನನ್ನೇ ನಗೆಗೀಡುಮಾಡಬೇಕೆಂದು ಬಗೆದು, ಹುಡುಗನೆಂದೇ ತಾನು ನಂಬಿದ ಮೃಗಾಂಕವರ್ಮನಿಗೆ ಸೀರೆಯುಡಿಸಿ, ಅವನ ತಂಗಿಯೆಂದು ಹೇಳಿ, ಅರಸನಿಗೆ ಧಾರೆಯೆರೆಸುವಳು. ಧಾರೆ ಮುಗಿಯುವದಕ್ಕೂ ಲಾಟದೇಶದಿಂದ ವಾರ್ತೆ ಬರುವದಕ್ಕೂ ಸರಿಹೋಗುವದು: ಅರಸನಿಗೆ ಪುತ್ರೋತ್ಸವವಾಗಿದೆ, ಇನ್ನು ಮೃಗಾಂಕವರ್ಮನನ್ನು ಗಂಡೆಂದು ನಟಿಸುವ ಕಾರಣವಿಲ್ಲ, ಅವನು ಕನ್ಯೆ! ಹೀಗೆ ಪರಿಹಾಸಕ್ಕೆಂದು ಮಾಡಿದ ಸುಳ್ಳುಮದುವೆ ನಿಜವಾದ ಮದುವೆಯಾಗಿ ಕುಳಿತಿತು. ನಗಬೇಕೆಂದವಳು ತಾನೇ ನಗೆಗೀಡಾದಳು. ಬೆಂಗಳೂರಿನ ಕಚೇರಿಯ ಕಥೆಯ ಅಸ್ಥಿಪಂಜರವು ಇದಲ್ಲವೇ? ಇದಕ್ಕೆ ಹನ್ನೊಂದು ನೂರು ವರ್ಷಗಳ ವಯಸ್ಸಾಗಿದೆ.

ಇದೊಂದೇ ಅಲ್ಲ. ಭವಭೂತಿಯ 'ಮಾಲತೀಮಾಧವ'ದಲ್ಲಿ ಅರಸನ ಮೆಚ್ಚಿನವನಾದ ನಂದನನಿಗೆ ಮಾಲತಿಯನ್ನು ಬಲವಂತವಾಗಿ ಕೊಡಲಿರುವಾಗ, ಮಾಧವನ ಗೆಳೆಯ ಮಕರಂದನು ಮಾಲತಿಯ ವೇಷದಲ್ಲಿ ಮದುವಣಗಿತ್ತಿಯಾಗಿ ಕುಳಿತು ಆ ಮದುವೆಯನ್ನು ಕೆಡಿಸುವನು. ಅಣ್ಣನ 'ಹೆಂಡತಿ'ಗೆ ಬುದ್ಧಿ ಹೇಳಲು ಬಂದ ನಂದನನ ತಂಗಿ ಮದಯಂತಿಕೆಯು ಆ 'ಹೆಂಡತಿ'ಯೊಡನೆಯೇ ಹೊರಟುಹೋಗುವಳು. ಶ್ರೀಹರ್ಷನ 'ರತ್ನಾವಳಿ'ಯಲ್ಲಿ ಸಾಗರಿಕೆಯು ರಾಣಿಯ ವೇಷ ಧರಿಸಿ ಅರಸನನ್ನು ಕಾಣಹೊರಟ ಪ್ರಸಂಗವನ್ನು ಯಾರು ಮರೆತಾರು? ಆ ರತ್ನಾವಳಿಯನ್ನೇ ಆಧರಿಸಿ, ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು 'ಮಿತ್ರವಿಂದಾಗೋವಿಂದ'ವನ್ನು ಬರೆದನು; ಇಂದು ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಅದೇ ಮೊದಲನೆಯದು. ಹೀಗೆ ಕನ್ನಡ ರಂಗಭೂಮಿಯ ಲಿಖಿತ ಚರಿತ್ರೆಯು ಪ್ರಣಯವ್ಯಾಜದ ಮನೆತನದಿಂದಲೇ ಹೊರಟಿರುವದು. ಪಶ್ಚಿಮದಲ್ಲಿಯೂ ಈ ಸರಕು ಇದೆ, ಇಲ್ಲವೆನ್ನುವದಿಲ್ಲ. 1773ರಲ್ಲಿ ಗೋಲ್ಡ್‌ಸ್ಮಿತ್ ಕವಿಯ ನಾಯಿಕೆಯು ಸಿರಿವಂತರ ಮಗಳಾಗಿಯೂ ವಸತಿಗೃಹದ ಕೆಲಸದವಳಂತೆ ನಟಿಸಿ, ನಾಚಿಕೆಯ ವರನ ನಿಜಸ್ವಭಾವವನ್ನು ಅರಿತುಕೊಂಡಳು. ಆ ನಾಟಕವನ್ನು ಕನ್ನಡಕ್ಕೆ ತಂದವರು ನಮ್ಮ ನೆರೆಯ ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು. ಆಚಾರ್ಯರು 1921ರಲ್ಲಿ ತೀರಿಕೊಂಡರು. ಅವರ ಕೃತಿಯಿಂದ ನಮ್ಮ ಭಾಗದ ಕನ್ಯೆಯರು ಕೆಟ್ಟರೆಂದು ನಾನು ಯಾವ ಹಿರಿಯರ ಬಾಯಿಂದಲೂ ಕೇಳಿಲ್ಲ.

ಎರಡನೆಯ ಆಕ್ಷೇಪವು ಹಗುರತನದ್ದು. ಹಾಸ್ಯವು ರಸಗಳಲ್ಲೊಂದೆಂದು ಭರತಮುನಿಯೇ ಎಣಿಸಿದ ಮೇಲೆ, ನಗಿಸುವದೊಂದೇ ಒಂದು ಕೃತಿಯ ಅಪರಾಧವಾಗಲಾರದು. ಮಮ್ಮಟನು ಉಪದೇಶದಲ್ಲಿ ಮೂರು ತರಗಳನ್ನು ಹೇಳಿ, ವೇದವು ಒಡೆಯನಂತೆ, ಪುರಾಣವು ಗೆಳೆಯನಂತೆ, ಕಾವ್ಯವು ಕಾಂತೆಯಂತೆ ಹೇಳುವದೆಂದು ವಿಭಾಗಿಸಿದನು. ಕಾಂತೆಯು ದಿನವೂ ಗಂಭೀರಮುಖದಿಂದಲೇ ಮಾತಾಡುವಳೇ? ಇನ್ನು 'ಕಾದಂಬರಿ' ಎಂಬ ಶಬ್ದವನ್ನೇ ನೋಡಿರಿ. ನಾವೂ ಮರಾಠಿಗರೂ ಈ ಪ್ರಕಾರಕ್ಕೆ ಇಟ್ಟುಕೊಂಡ ಹೆಸರು ಯಾವ ಶಾಸ್ತ್ರದ್ದೂ ಅಲ್ಲ. ಬಾಣಕವಿಯ ಪ್ರಣಯಕಥೆಯ ನಾಯಿಕೆಯದು. ಪ್ರಣಯವು ಬೇಡವೆಂದರೆ ಮೊದಲು ಆ ಹೆಸರನ್ನೇ ಬಿಡಬೇಕಾಗುವದು. ನಮ್ಮ ಗಳಗನಾಥರು ಕನ್ನಡದ ಮನೆಮನೆಗೆ ಓದಿನ ರುಚಿ ಹತ್ತಲೆಂದು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರು ಹೊತ್ತದ್ದು ಭಾಷ್ಯಗಳನ್ನಲ್ಲ, ಕಥೆಗಳನ್ನು. ಅಂಥವರಿಂದ ಓದುಗರನ್ನು ಪಡೆದ ನಾಡಿನಲ್ಲಿ, ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಇನ್ನೂ ಕನ್ನಡದಲ್ಲಿ ಮುನ್ನೂರು ಪುಟಗಳ ಗ್ರಂಥವೊಂದನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಓದುತ್ತಿರುವದು ನನಗಂತೂ ಶುಭವಾರ್ತೆಯಾಗಿ ತೋರುವದು. ಬಚ್ಚಿಡುವ ಪ್ರಸಂಗ ತಂದವರು ನಾವು.

ಇನ್ನು ಮೂರನೆಯದು. ಇದಕ್ಕೆ ಉತ್ತರ ಸುಲಭವಲ್ಲ. ಸುಲಭವೆಂದು ನಟಿಸಿದರೆ ನಾನೂ ಒಂದು ವ್ಯಾಜವನ್ನೇ ಮಾಡಿದಂತಾದೀತು. ಸುಳ್ಳಿನಿಂದ ನಿಜವು ಹೇಗೆ ದೊರೆತೀತು ಎಂಬದು ಮಿತ್ರರ ಪ್ರಶ್ನೆ. ವಿದ್ಯಾರಣ್ಯರ 'ಪಂಚದಶೀ' ಗ್ರಂಥದ ಧ್ಯಾನದೀಪಪ್ರಕರಣವನ್ನು ಓದಿದವರಿಗೆ ಒಂದು ದೃಷ್ಟಾಂತವು ನೆನಪಿರಬೇಕು. ಇಬ್ಬರು ಮನುಷ್ಯರು ದೂರದಿಂದ ಎರಡು ಪ್ರಭೆಗಳನ್ನು ಕಾಣುತ್ತಾರೆ. ಒಂದು ಒಳಮನೆಯ ಮಣಿಯ ಪ್ರಭೆ, ಇನ್ನೊಂದು ದೀಪದ ಪ್ರಭೆ. ಪ್ರಭೆಯನ್ನೇ ಮಣಿಯೆಂದು ಭ್ರಮಿಸಿ ಇಬ್ಬರೂ ಓಡುತ್ತಾರೆ. ಭ್ರಮೆಯೆಂಬದು ಇಬ್ಬರಿಗೂ ಸಮಾನ. ಆದರೆ ಮಣಿಪ್ರಭೆಯ ಕಡೆಗೆ ಓಡಿದವನಿಗೆ ಮಣಿಯು ಸಿಕ್ಕುವದು. ದೀಪಪ್ರಭೆಯ ಕಡೆಗೆ ಓಡಿದವನಿಗೆ ಸಿಕ್ಕುವದಿಲ್ಲ. ಮೊದಲನೆಯದನ್ನು ಸಂವಾದಿಭ್ರಮವೆಂದು ಕರೆದರು. ಸುಳ್ಳು ಸಂಬಂಧದ ಕಥೆಯಲ್ಲಿಯೂ ನಾವು ಕೇಳತಕ್ಕ ಪ್ರಶ್ನೆಯು ಇದೇ. ಇಲ್ಲಿ ಸುಳ್ಳಿದೆಯೋ ಇಲ್ಲವೋ ಎಂದಲ್ಲ. ಆ ಸುಳ್ಳಿನ ಹಿಂದೆ ಒಳಮನೆಯಲ್ಲಿ ಮಣಿಯಿದೆಯೋ ಇಲ್ಲವೋ ಎಂದು.

ಮಣಿಯನ್ನು ಗುರುತಿಸುವ ಲಕ್ಷಣವನ್ನು ನಾನು ಭಾಸನಿಂದ ಕಲಿತೆನು. 'ಸ್ವಪ್ನವಾಸವದತ್ತ'ವು ಸುಳ್ಳು ಸಂಬಂಧಗಳ ಮೇಲೆಯೇ ನಿಂತಿರುವ ನಾಟಕ. ರಾಜ್ಯವನ್ನುಳಿಸಲು ಮಂತ್ರಿ ಯೌಗಂಧರಾಯಣನು ರಾಣಿ ವಾಸವದತ್ತೆಯು ಬೆಂಕಿಯಲ್ಲಿ ಬೆಂದಳೆಂದು ಸುಳ್ಳು ಹಬ್ಬಿಸಿ, ಅವಳನ್ನು ತನ್ನ ತಂಗಿಯೆಂದು ಹೇಳಿ, ಮಗಧದ ರಾಜಕುಮಾರಿ ಪದ್ಮಾವತಿಯ ಬಳಿ ಬಿಡುವನು. ಮುಂದೆ ಪದ್ಮಾವತಿಗೂ ವಾಸವದತ್ತೆಯ ಗಂಡನಿಗೂ ಮದುವೆ ನಿಶ್ಚಯವಾಗುವದು. ಮದುವೆಯ ಮಾಲೆಯನ್ನು ಕಟ್ಟುವ ಕೆಲಸವು ವಾಸವದತ್ತೆಯ ಪಾಲಿಗೆ ಬರುವದು. ಮಾಲೆಗೆ ತಂದ ಮೂಲಿಕೆಗಳಲ್ಲಿ ಒಂದು ವೈಧವ್ಯವನ್ನು ತಡೆಯುವದು, ಇನ್ನೊಂದು ಸವತಿಯನ್ನು ಮರ್ದಿಸುವದು. ಮೊದಲನೆಯದನ್ನು ಅವಳು ಸೇರಿಸುವಳು. ಎರಡನೆಯದನ್ನು, ಆ ಸವತಿಯು ಸತ್ತುಹೋದಳಲ್ಲ ಎಂಬ ನೆಪದಿಂದ ಬದಿಗಿಡುವಳು. ಸುಳ್ಳು ಹೇಳಿದವಳು ಆ ಸುಳ್ಳಿನ ಬೆಲೆಯನ್ನು ತನ್ನ ಬೆರಳುಗಳಿಂದಲೇ ತೆತ್ತಳು. ಆದುದರಿಂದ ಅವಳನ್ನು ನಾವು ಸುಳ್ಳುಗಾರ್ತಿಯೆನ್ನುವದಿಲ್ಲ. ಬೆಲೆ ತೆರುವದೇ ಲಕ್ಷಣ. ರಾಜಶೇಖರನ ನಗೆಯಲ್ಲಿಯೂ ಮೋಸ ಹೂಡಿದ ರಾಣಿಯೇ ಬೆಲೆ ತೆತ್ತಳು. ಮಕರಂದನು ಹಗೆಯ ಮನೆಯೊಳಗೆ ಜೀವವನ್ನೇ ಒತ್ತೆಯಿಟ್ಟನು.

ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ, ನಾನು ಓದಿದ ನಾಲ್ಕು ಕಾದಂಬರಿಗಳಲ್ಲಿ ಎರಡು ಬಂಗಾರವಲ್ಲವೆಂದು ಒಪ್ಪಿಕೊಳ್ಳುವೆನು. ಅವುಗಳಲ್ಲಿ ಸುಳ್ಳಿಗೆ ಬೆಲೆಯೇ ಇಲ್ಲ. ಅಜ್ಜಿಯು ಮೊಮ್ಮಗನ ನಿಶ್ಚಿತಾರ್ಥಕ್ಕಾಗಿ ತನ್ನ ಪಾಟಲಿಗಳನ್ನು ತೆಗೆದು ಆ ಹುಡುಗಿಯ ಕೈಗೆ ಹಾಕುವಳು. ಗುಟ್ಟು ರಟ್ಟಾದ ಮೇಲೆ ಆ ಪಾಟಲಿಗಳ ಮಾತನ್ನು ಗ್ರಂಥಕರ್ತರು ಮರೆತೇಬಿಟ್ಟಿರುವರು. ಅಜ್ಜಿಯ ಕಾಲಿಗೆ ಬಿದ್ದು ತಪ್ಪಾಯಿತೆಂದವರಿಲ್ಲ. ಅವರ ಕನ್ನಡವೂ ಎಲ್ಲಿಯದೆಂದು ತಿಳಿಯದು. ಪಾತ್ರಗಳಿಗೆ ಊರಿಲ್ಲ, ಉಣ್ಣುವದಕ್ಕೆ ರೊಟ್ಟಿಯಿಲ್ಲ, ಸಿಟ್ಟು ಬಂದಾಗ ಬೈಯಲು ಸ್ವಂತದ ಬೈಗುಳವೂ ಇಲ್ಲ. ಇಂಥ ಗ್ರಂಥಗಳನ್ನು ನಮ್ಮ ಪತ್ರಿಕೆಯಲ್ಲಿ ಹೆಸರುಗೊಂಡು ಖಂಡಿಸೋಣ. ಖಂಡನೆಯು ವಿಮರ್ಶಕನ ಹಕ್ಕು. ಕಪಾಟಿಗೆ ಕೀಲಿ ಹಾಕುವದು ಬೇರೆಯ ಕೆಲಸ. ಮೊದಲನೆಯದನ್ನು ಮಾಡಲು ಬೇಸರವಾದವನು ಎರಡನೆಯದಕ್ಕೆ ಕೈ ಹಾಕುವನು. ಉಳಿದ ಎರಡು ಕಾದಂಬರಿಗಳಲ್ಲಿ ಹುಡುಗಿಯೇ ಮೊದಲು ಬೇಸತ್ತು, ಮನೆಮಂದಿಯ ಮುಂದೆ ನಿಂತು ನಿಜವನ್ನು ಹೇಳಿ, ಎಲ್ಲರ ಬೈಗುಳನ್ನೂ ತಿಂದು, ಒಬ್ಬಳೇ ಹೊರಟುಹೋಗುವಳು. ಅಲ್ಲಿಂದ ಮುಂದೆ ಹುಡುಗನು ಬಂದನೆಂಬದು ಕಥೆ. ಆ ಪುಟಗಳನ್ನು ಓದಿದಾಗ ನನ್ನ ಕಣ್ಣು ಒದ್ದೆಯಾದವು. ಹಗುರಾದ ಗ್ರಂಥವೆಂದು ನೆನಪಾದದ್ದು ಆಮೇಲೆ.

ಇಲ್ಲಿಯವರೆಗೆ ಗ್ರಂಥಗಳ ಮಾತಾಯಿತು. ಇನ್ನು ಮನೆಯ ಮಾತು. ವಿವಾಹದ ವಿಷಯದಲ್ಲಿ ಸುಳ್ಳು ಸಲ್ಲದೆಂದು ಸಭೆಯಲ್ಲಿ ಎದ್ದು ಹೇಳುವ ನಾವು ಯಾರು? ಕನ್ಯೆಯನ್ನು ತೋರಿಸುವ ದಿನ ನಮ್ಮ ಮನೆಗಳಲ್ಲಿ ನಡೆಯುವದೇನು? ನೆರೆಮನೆಯಿಂದ ತಂದ ಕಪ್ಪು ಬಸಿಗಳು. ಅಕ್ಕನ ಕೊರಳಿಂದ ತೆಗೆದು ತಂಗಿಗೆ ಹಾಕಿದ ಸರ. ಯಾರೋ ಮಾಡಿದ ಉಂಡಿಯನ್ನು ಅವಳೇ ಮಾಡಿದಳೆನ್ನುವ ಮಾತು. ವರನ ಕಡೆಯವರೂ ಹಿಂದೆ ಬೀಳುವದಿಲ್ಲ. ಪಗಾರಕ್ಕೆ ಒಂದು ಸೊನ್ನೆ ಏರುವದು, ವಯಸ್ಸಿನಲ್ಲಿ ಮೂರು ವರ್ಷ ಇಳಿಯುವವು, ಬೇನೆಯಿದ್ದರೆ ಅದರ ಹೆಸರೇ ಇಲ್ಲದಾಗುವದು. ವರದಕ್ಷಿಣೆಯನ್ನು 1961ರ ಕಾಯ್ದೆಯು ನಿಷೇಧಿಸಿದ ಮೇಲೆ ನಾವು ಅದಕ್ಕೆ ವರೋಪಚಾರವೆಂದು ಬೇರೆ ಹೆಸರಿಟ್ಟೆವು. ಕನ್ಯೆಗೆ 14, ವರನಿಗೆ 18 ವರ್ಷ ತುಂಬಿರಬೇಕೆಂದು 1929ರ ಶಾರದಾ ಕಾಯ್ದೆಯು ವಿಧಿಸಿತು. 2006ರ ಕಾಯ್ದೆಯು 18 ಮತ್ತು 21 ಎನ್ನುವದು. ಈ ಅಂಕಿಗಳು ಏರಿದಂತೆಲ್ಲ, ಸಾಲೆಯ ದಾಖಲೆಯಲ್ಲಿ ಜನ್ಮದಿನ ತಿದ್ದಿಕೊಡಿರೆಂದು ಮಾಸ್ತರರ ಬಾಗಿಲಿಗೆ ಬರುವ ತಂದೆಗಳನ್ನು ನಾನು ಕಂಡವನು. ಅವರಲ್ಲಿ ಯಾರೂ ಪ್ರಣಯಕಾದಂಬರಿಯನ್ನು ಓದಿ ಸುಳ್ಳು ಕಲಿತವರಲ್ಲ.

ಅನ್ಯರನ್ನು ಹೇಳಿದ ಮೇಲೆ ನನ್ನನ್ನೂ ಹೇಳಿಕೊಳ್ಳಬೇಕು. ಸಾಲೆಯ ದಾಖಲೆಯನ್ನು ನಾನು ತಿದ್ದಲಿಲ್ಲ. ಆದರೆ ಜಾತಕವನ್ನು ತಿದ್ದಿರುವೆನು. ಇದಾಗಿ ಇಪ್ಪತ್ತೈದು ವರ್ಷಗಳಾದವು. ಪರಿಚಯದ ಮನೆಯವರೊಬ್ಬರು ಮಗಳ ಜಾತಕವನ್ನು ಹಿಡಿದು ಬಂದರು. ಅವಳು ಹುಟ್ಟಿದ್ದು ಮೂಲಾನಕ್ಷತ್ರದ ಕೊನೆಯ ಘಳಿಗೆಯಲ್ಲಿ. ಮೂಲೆಯ ಕನ್ಯೆಯಿಂದ ಮಾವನಿಗೆ ಅರಿಷ್ಟವೆಂಬ ನಂಬಿಗೆಯಿಂದ ನಾಲ್ಕು ಸಂಬಂಧಗಳು ತಪ್ಪಿದ್ದವು. ಒಂದು ತಾಸು ಮುಂದೂಡಿದರೆ ಪೂರ್ವಾಷಾಢೆಯಾಗುವದು. ನಾನು ಮುಂದೂಡಿದೆನು, ಕುಂಡಲಿಯನ್ನು ಹೊಸ ಕಾಗದದ ಮೇಲೆ ಚೆಂದಾಗಿ ಬರೆದು, ಅರಿಷಿಣ ಹಚ್ಚಿ ಕೊಟ್ಟೆನು. ಪುಣ್ಯದ ಕೆಲಸವೆಂದೇ ಬಗೆದಿದ್ದೆನು. ಹೆಣ್ಣಿನ ಬಾಳಿಗೆ ಒಂದು ದಾರಿಯಾಯಿತಲ್ಲ ಎಂದು ಹಿಗ್ಗಿದ್ದೆನು. ಮದುವೆಯಾಯಿತು. ವರನಿಗೆ ಬಹುದಿನದ ಕುಡಿತವಿದ್ದದ್ದನ್ನು ಅವನ ಕಡೆಯವರೂ ನಮ್ಮಷ್ಟೇ ಚೆಂದಾಗಿ ಮುಚ್ಚಿದ್ದರು. ಎರಡು ವರ್ಷಗಳೊಳಗಾಗಿ ಅವಳು ತವರಿಗೆ ತಿರುಗಿ ಬಂದಳು. ಒಂದು ದಿನ ಬಸ್ಸು ನಿಲ್ದಾಣದಲ್ಲಿ ಭೆಟ್ಟಿಯಾದಳು. ನಾನು ಏನೇನೋ ಸಮಾಧಾನದ ಮಾತು ಹೇಳತೊಡಗಿದೆನು. ಅವಳು ಸಿಟ್ಟಾಗಲಿಲ್ಲ. "ಮಾಸ್ತರ, ನಾ ಹುಟ್ಟಿದ ಹೊತ್ತು ಬದಲಿ ಮಾಡಿದ್ರಿ. ನನ್ನ ಒಂದ್ ಮಾತು ಕೇಳಬೇಕಂತ ಯಾರಿಗೂ ಅನಸಲಿಲ್ಲೇನ್ರಿ?" ಎಂದಳು. ಬಸ್ಸು ಬಂದಿತು, ಹತ್ತಿ ಹೋದಳು. ನನ್ನ ಬಳಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಇದು ಒಂದು ಮನೆಯ ಮಾತು. ನಾಡಿನ ಮಾತು ಬೇಕಾದರೆ ದೂರ ಹೋಗಬೇಕಾಗಿಲ್ಲ. ಯರಗಟ್ಟಿಯಿಂದ ಸವದತ್ತಿಯ ಗುಡ್ಡವು ಹತ್ತಿರದಲ್ಲಿಯೇ ಇರುವದು. ತಾಯಿ ಎಲ್ಲಮ್ಮನಿಗೆ ನಾನೂ ಕೈಮುಗಿಯುವವನು. ಆದರೆ ಆ ತಾಯಿಯ ಹೆಸರಿನಲ್ಲಿ ತಿಳಿವಳಿಕೆ ಬಾರದ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿ, ದೇವರಿಗೆ ಮದುವೆಯಾದಳೆಂದು ಹೇಳಿ, ಆ ಮದುವೆಯ ಮರೆಯಲ್ಲಿ ಅವರ ಬಾಳನ್ನು ಮಾರಿದ ಸಮಾಜವು ನಮ್ಮದೇ. ಸುಳ್ಳು ಸಂಬಂಧವೆಂದರೆ ಅದು. ಅದನ್ನು ತಡೆಯಲು ಮುಂಬಯಿ ಇಲಾಖೆಯಲ್ಲಿ 1934ರಲ್ಲಿ ಕಾಯ್ದೆಯಾಗಬೇಕಾಯಿತು. ಅದು ಸಾಲದೆ ಕರ್ನಾಟಕದಲ್ಲಿ 1982ರ ಕಾಯ್ದೆಯು ಬರಬೇಕಾಯಿತು. ಅದೆಷ್ಟೋ ತಲೆಮಾರು ಈ ವ್ಯಾಜವನ್ನು ಕಣ್ಣಾರೆ ಕಂಡು ಸುಮ್ಮನಿದ್ದ ಸುಶಿಕ್ಷಿತ ಮನೆತನಗಳಿಗೆ, ಬೆಂಗಳೂರಿನ ಇಬ್ಬರು ತರುಣರ ಆರು ತಿಂಗಳ ನಟನೆಯಿಂದ ವಿವಾಹದ ಪಾವಿತ್ರ್ಯವು ಕೆಡುವದೆಂಬ ಭಯವು ಒಮ್ಮೆಲೇ ಹುಟ್ಟಿದ್ದು ಆಶ್ಚರ್ಯವಲ್ಲವೇ? ಇಂಥದೇ ಇನ್ನೊಂದು ಪದ್ಧತಿಯ ಹೆಣ್ಣುಗಳ ಬಾಳನ್ನು 'ಗೆಜ್ಜೆಪೂಜೆ'ಯಲ್ಲಿ ಎಂ.ಕೆ. ಇಂದಿರಾ ಅವರು ಬರೆದರು. ಅದೂ ಒಂದು ಕಾದಂಬರಿಯೇ. ಮನೆಮಂದಿಯೆಲ್ಲ ಓದಿದ ಕಾದಂಬರಿ. ನಾವು ಸಭೆಗಳಲ್ಲಿ ಆಡದ ಮಾತನ್ನು ಕಾದಂಬರಿಗಳು ಆಡಿರುವವು.

ಇನ್ನು, ಹುಡುಗಿಯರು ಈ ವ್ಯಾಜಪ್ರಣಯದ ಕಥೆಗಳನ್ನು ಯಾಕೆ ಅಷ್ಟೊಂದು ಆಸೆಯಿಂದ ಓದುವರೆಂಬದನ್ನು ವಿಚಾರಿಸೋಣ. ಮೊಮ್ಮಗಳನ್ನೇ ಕೇಳಿದೆನು. ಅವಳು ಬಹಳ ಹೊತ್ತು ನಕ್ಕು, ಆಮೇಲೆ ಹೇಳಿದ ಮಾತಿನ ತಾತ್ಪರ್ಯವಿಷ್ಟು: ಅಲ್ಲಿ ಹುಡುಗಿಯನ್ನು ಕೇಳುತ್ತಾರೆ. ನಾನು ಮತ್ತೊಮ್ಮೆ ಪುಟ ತಿರುವಿ ನೋಡಿದೆನು; ಅವಳು ಹೇಳಿದ್ದು ದಿಟ. ಕರಾರಿನ ಪ್ರತಿಯೊಂದು ಕಲಮಿಗೂ ಅವಳ ಒಪ್ಪಿಗೆ ಬೇಕು. ಬೇಡವೆಂದರೆ ಆ ಕಲಮನ್ನು ಹೊಡೆದುಹಾಕುವರು. ಪ್ರೀತಿ ತೋರಿಸಿ ಗೆಲ್ಲಬೇಕಾದ ಕಾರಣವಿಲ್ಲದ್ದರಿಂದ ಅವನು ಅವಳ ಮುಂದೆ ಒಳ್ಳೆಯವನೆಂಬ ಸೋಗು ಹಾಕುವದಿಲ್ಲ, ಅವಳೂ ಹಾಕುವದಿಲ್ಲ. ಅವನು ತಾಯಿಯೊಡನೆ ಹೇಗೆ ಮಾತಾಡುವನು, ಆಳುಗಳೊಡನೆ ಹೇಗೆ ನಡೆದುಕೊಳ್ಳುವನು, ಸಿಟ್ಟು ಬಂದಾಗ ಏನಾಗುವನು ಎಂಬದನ್ನೆಲ್ಲ ಅವಳು ಆರು ತಿಂಗಳು ಹತ್ತಿರದಿಂದ ನೋಡುವಳು. ಅಲ್ಲಿ ಸಂಬಂಧವು ಸುಳ್ಳು. ಆದರೆ ಮನುಷ್ಯರು ಒಬ್ಬರಿಗೊಬ್ಬರು ಕಾಣುವದು ನಿಜರೂಪದಲ್ಲಿ. ನಮ್ಮಲ್ಲಿ ಅರ್ಧ ತಾಸಿನ ಅವಲಕ್ಕಿ ಚಹದ ಹೊತ್ತಿನಲ್ಲಿ ಸಂಬಂಧವು ನಿಜ. ಕಾಣುವ ರೂಪಗಳೆಲ್ಲ ಸುಳ್ಳು. ಮಣಿಪ್ರಭೆ ಯಾವದು, ದೀಪಪ್ರಭೆ ಯಾವದೆಂಬದನ್ನು ಮಿತ್ರರೇ ಹೇಳಲಿ.

ಹೀಗೆಂದ ಮಾತ್ರಕ್ಕೆ ಎಳೆಯರೆಲ್ಲರೂ ಕರಾರುಪತ್ರ ಬರೆದುಕೊಂಡು ಹಿರಿಯರನ್ನು ವಂಚಿಸಲೆಂದು ನಾನು ಹೇಳಿದೆನೆಂದು ಯಾರೂ ಅಪಾರ್ಥ ಮಾಡಬಾರದು. ಸುಳ್ಳಿನ ಪೆಟ್ಟು ಎಂಥದೆಂಬದನ್ನು ಬಸ್ಸು ನಿಲ್ದಾಣದಲ್ಲಿ ತಿಂದವನು ನಾನು. ನಾನು ಹೇಳುವದು ಇಷ್ಟೇ: ಹುಡುಗಿಯರು ಈ ಕಥೆಗಳಲ್ಲಿ ಮೆಚ್ಚುವದು ವಂಚನೆಯನ್ನಲ್ಲ, ತಮ್ಮ ಒಪ್ಪಿಗೆಯನ್ನು ಕೇಳುವ ಆ ಒಂದು ಕ್ರಮವನ್ನು. ನಾವು ಆ ಒಪ್ಪಿಗೆಯನ್ನು ಮನೆಯಲ್ಲಿಯೇ, ಬಾಯಿಬಿಟ್ಟು, ಎರಡು ಸಲ ಕೇಳಿದರೆ, ಕಾದಂಬರಿಯ ನಾಯಿಕೆಗೆ ನಾಟಕ ಹೂಡುವ ಕಾರಣವೇ ಇಲ್ಲದೆ ಹೋದೀತು. ಪುಸ್ತಕವನ್ನು ಕಪಾಟಿನಿಂದ ತೆಗೆಯುವದು, ಜ್ವರವನ್ನು ಅಳೆಯುವ ನಳಿಕೆಯನ್ನು ಒಡೆದು ರೋಗವು ಹೋಯಿತೆಂದಂತೆ.

ಆದುದರಿಂದ ಬರುವ ಸಭೆಯಲ್ಲಿ ಮೂರು ಪ್ರತಿಸೂಚನೆಗಳನ್ನು ತರುವೆನು. ಒಂದನೆಯದು, ಯಾವ ಪ್ರಣಯಕಾದಂಬರಿಯನ್ನೂ ಅದು ಹಗುರಾಗಿರುವದೆಂಬ ಕಾರಣದಿಂದ ತೆಗೆದುಹಾಕಬಾರದು. ಎರಡನೆಯದು, ಅದೇ ಕಪಾಟಿನಲ್ಲಿ, ಅದೇ ಸಾಲಿನಲ್ಲಿ, ಭಾಸ, ಹರ್ಷ, ಭವಭೂತಿ, ರಾಜಶೇಖರರ ನಾಟಕಗಳ ಕನ್ನಡ ಅನುವಾದಗಳನ್ನೂ ಇಡಬೇಕು. ಒಂದನ್ನು ಹುಡುಕಿ ಬಂದವರ ಕೈಗೆ ಇನ್ನೊಂದು ಹತ್ತಲಿ. ಮೂರನೆಯದು, ಈ ಪತ್ರಿಕೆಯ ಪ್ರತಿಯೊಂದು ಸಂಚಿಕೆಯಲ್ಲಿ ಎರಡು ಪುಟಗಳನ್ನು ತರುಣ ವಾಚಕಿಯರ ಗ್ರಂಥವಿಮರ್ಶೆಗೆ ಮೀಸಲಿಡಬೇಕು. ಸುಳ್ಳಿಗೆ ಬೆಲೆ ತೆರದ ಕಾದಂಬರಿಯನ್ನು ಅವರು ನಮಗಿಂತ ಕಟುವಾಗಿ ಖಂಡಿಸುವರೆಂದು ನನ್ನ ನಂಬಿಗೆ. ಅಜ್ಜಿಯ ಪಾಟಲಿಗಳ ಮಾತನ್ನು ನನಗೆ ತೋರಿಸಿಕೊಟ್ಟವಳು ಮೊಮ್ಮಗಳೇ. ಗ್ರಂಥಕರ್ತರಿಗೂ ಒಂದು ವಿನಂತಿ. ವ್ಯಾಜಪ್ರಣಯವನ್ನೇ ಬರೆಯುವದಾದರೆ ನಮ್ಮ ಸೀಮೆಯದೊಂದನ್ನು ಬರೆಯಿರಿ. ಬನದ ಹುಣ್ಣಿವೆಯ ಜಾತ್ರೆಯ ದಟ್ಟಣೆಯಲ್ಲಿ, ಬೆಳಗಾವಿ ಬಾಗಲಕೋಟೆಗಳ ನಡುವಿನ ಬಸ್ಸಿನಲ್ಲಿ, ಹತ್ತಿ ಬಿಡಿಸುವ ಹೊಲದಲ್ಲಿ ಇಬ್ಬರು ಸುಳ್ಳು ಹೇಳಲಿ. ಅವರು ಯಾರ ಮಕ್ಕಳು, ಯಾರಿಗೆ ಅಂಜುವರು ಎಂಬದು ನಮಗೆ ತಿಳಿದಿರಲಿ.

ಮಿತ್ರರು ನನ್ನ ಮೇಲೆ ಸಿಟ್ಟಾಗಲಾರರು. ಸಿಟ್ಟಾದರೂ ಒಂದು ವಿನಂತಿಯನ್ನು ನಡೆಸಿಕೊಡಬೇಕು: ಮತ ಹಾಕುವ ಮೊದಲು ಒಂದೇ ಒಂದು ಕಾದಂಬರಿಯನ್ನು ಓದಬೇಕು. ನಾನು ಓದಿದವುಗಳಲ್ಲಿ ಒಳ್ಳೆಯದೆಂದು ತೋರಿದ ಒಂದನ್ನು ನಿನ್ನೆಯೇ ಗ್ರಂಥಭಾಂಡಾರಕ್ಕೆ ತಿರುಗಿ ಕೊಟ್ಟಿರುವೆನು. ಎರವಲು ವಹಿಯಲ್ಲಿ ಅದರ ಮುಂದೆ ನನ್ನ ಹೆಸರನ್ನು ಪೂರ್ತಿಯಾಗಿ, ದೊಡ್ಡ ಅಕ್ಷರಗಳಲ್ಲಿ ಬರೆದಿರುವೆನು. ಕೆಳಗಿನ ಸಾಲು ಅವರಿಗಾಗಿ ಖಾಲಿ ಇದೆ.